ಹರ್-2 ಎರಡು ಪ್ಲಸ್: ಇನ್ನೂ ಮುಗಿಯದ ರಿಪೋರ್ಟ್

“ಡಾಕ್ಟ್ರೇ, ಎರಡು ಪ್ಲಸ್ ಅಂತ ಬಂದಿದೆ. ಅಂದ್ರೆ ಎರಡನೇ ಸ್ಟೇಜಾ?” ಸ್ತನ ಕ್ಯಾನ್ಸರಿನ ಐಎಚ್‌ಸಿ (ಗಡ್ಡೆಯ ತುಣುಕಿಗೆ ಬಣ್ಣ ಹಿಡಿಸಿ ಪ್ರೋಟೀನು ನೋಡುವ ಪರೀಕ್ಷೆ) ರಿಪೋರ್ಟ್ ಕೈಗೆ ಬಂದ ದಿನ ಮನೆಯವರು ಕೇಳುವ ಪ್ರಶ್ನೆ ಇದು. ಸ್ಟೇಜಿಗೂ ಇದಕ್ಕೂ ಸಂಬಂಧವಿಲ್ಲ ಎಂದರೆ ಇನ್ನೊಂದು ಬರುತ್ತದೆ: “ಹಾಗಾದ್ರೆ ಪಾಸಿಟಿವ್ ಅಲ್ವಾ? ಪ್ಲಸ್ ಅಂತ ಇದೆಯಲ್ಲ.” ಅದೂ ಅಲ್ಲವೆಂದರೆ ಕೊನೆಯ ಮಾತು: “ಸರಿ ಬಿಡಿ, ನೆಗೆಟಿವ್ ಅಂದ್ಕೊಂಡು ಕೀಮೋ ಶುರು ಮಾಡಿಸ್ತೀವಿ.”

ಮೂರೂ ತಪ್ಪು. ಕೊನೆಯದಂತೂ ಅಪಾಯದ ತಪ್ಪು. ಹರ್-2 ಎರಡು ಪ್ಲಸ್ ಎಂದು ಬಂದ ರಿಪೋರ್ಟ್ ಇನ್ನೂ ಮುಗಿದಿಲ್ಲ. ಅದರ ಕೆಳಗೆ ‘ಫಿಶ್ ಪರೀಕ್ಷೆ ಅಗತ್ಯ’ ಎಂದು ಪ್ಯಾಥಾಲಜಿಸ್ಟ್ ಬರೆದ ಒಂದು ಸಾಲು ಇರುತ್ತದೆ. ಫಿಶ್ ಅಂದರೆ ಜೀನನ್ನೇ ಎಣಿಸಿ ನೋಡುವ ಪರೀಕ್ಷೆ. ಆ ಸಾಲನ್ನು ಓದದೆ, ಓದಿದರೂ ಕೆಲವು ಸಾವಿರ ರೂಪಾಯಿ ಉಳಿಸಲು ಹೋಗಿ, ಎಷ್ಟೋ ಹೆಣ್ಣುಮಕ್ಕಳು ತಮಗೆ ಒದಗುತ್ತಿದ್ದ ಔಷಧಿಯಿಂದಲೇ ದೂರವಾಗುತ್ತಾರೆ. ಹಾಗೆಯೇ ಕೆಲವರು ತಮಗೆ ಏನೂ ಮಾಡದ ಔಷಧಿಗೆ ಹೊಲ ಅಡವಿಡುತ್ತಾರೆ.

ಹರ್-2 ಅಂದರೆ ಏನೆಂದು ತಿಳಿಯದೆ ಪ್ಲಸ್‌ಗಳ ಲೆಕ್ಕ ತಲೆಗೆ ಹೋಗುವುದಿಲ್ಲ. ಜೀವಕೋಶ ತನಗೆ ತೋಚಿದಾಗ ಇಬ್ಭಾಗವಾಗುವುದಿಲ್ಲ, ಹೊರಗಿನಿಂದ ಅಪ್ಪಣೆ ಬರಬೇಕು. ಅಪ್ಪಣೆ ತರುವ ಪ್ರೋಟೀನುಗಳಿಗೆ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಂಥದ್ದೊಂದನ್ನು ಮೊದಲು ಗುರುತಿಸಿದ್ದು ಇಲಿಮರಿಗಳ ಕಣ್ಣಿನಿಂದ. ಒಂದು ಗ್ರಂಥಿಯ ಸಾರವನ್ನು ಚುಚ್ಚಿದ ಮರಿಗಳು ಉಳಿದವಕ್ಕಿಂತ ಎಷ್ಟೋ ದಿನ ಮೊದಲೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಮೂಡಿದವು. ಅದರ ಬೆನ್ನು ಹತ್ತಿ ಹೋಗಿ ಸಿಕ್ಕಿದ್ದು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚೀನಿ ಅವರೊಂದಿಗೆ ಕೋಹೆನ್ ಅವರಿಗೆ ನೊಬೆಲ್ ಬಂತು.

ಈ ಅಪ್ಪಣೆಯನ್ನು ಕೋಶದ ಹೊರಪೊರೆಯ ಮೇಲೆ ನಿಂತು ಹಿಡಿಯುವವು ರಿಸೆಪ್ಟರ್‌ಗಳು. ಕೆರೆಯ ತೂಬನ್ನು ನೀರಗಂಟಿ ಎತ್ತಿದರೆ ಮಾತ್ರ ಕಾಲುವೆಗೆ ನೀರು ಹರಿಯುತ್ತದೆ. ಇಲ್ಲಿ ಗ್ರೋತ್ ಫ್ಯಾಕ್ಟರೇ ನೀರಗಂಟಿ, ರಿಸೆಪ್ಟರ್ ತೂಬು, ಕೋಶದೊಳಗೆ ಸಾಲಾಗಿ ಒಂದನ್ನೊಂದು ಎಚ್ಚರಿಸುವ ಕಿಣ್ವಗಳು ಕಾಲುವೆ. ಹರ್ ಕುಟುಂಬದಲ್ಲಿ ಇಂಥ ತೂಬುಗಳು ನಾಲ್ಕು. ಅವುಗಳಲ್ಲಿ ಎರಡನೆಯದರ ಗುಣವೇ ಬೇರೆ: ಅದಕ್ಕೆ ನೀರಗಂಟಿಯೇ ಇಲ್ಲ. ಹರ್-2ನ್ನು ಹಿಡಿದು ಎಬ್ಬಿಸುವ ಗ್ರೋತ್ ಫ್ಯಾಕ್ಟರ್ ಯಾವುದೂ ಈವರೆಗೆ ಸಿಕ್ಕಿಲ್ಲ. ಅದು ಸದಾ ತೋಳು ಚಾಚಿಕೊಂಡೇ ನಿಂತಿದ್ದು, ಪಕ್ಕದವರ ಜೊತೆ ಜೋಡಿಯಾಗುತ್ತದೆ. ಹರ್-3ಕ್ಕೆ ಅಪ್ಪಣೆ ಹಿಡಿಯಲು ಬರುತ್ತದೆ, ಕಿಣ್ವದ ಕಸುವು ಇಲ್ಲವೆನ್ನುವಷ್ಟು ಕಡಿಮೆ. ಹರ್-2ಕ್ಕೆ ಕಸುವು ಬೇಕಾದಷ್ಟಿದೆ, ಅಪ್ಪಣೆ ಹಿಡಿಯಲು ಬಾರದು. ಇವೆರಡೂ ಜೋಡಿಯಾದಾಗ ಹೊರಡುವ ಸಂಕೇತದಷ್ಟು ಬಲವಾದದ್ದು ಆ ಕುಟುಂಬದಲ್ಲಿ ಇನ್ನೊಂದಿಲ್ಲ.

ಸಾಮಾನ್ಯ ಸ್ತನಕೋಶದ ಮೇಲೆ ಹರ್-2 ಸುಮಾರು 20,000 ಇರುತ್ತವೆ. 17ನೇ ಕ್ರೋಮೋಸೋಮಿನ ಮೇಲಿರುವ ಅದರ ಜೀನ್ ನಕಲಾಗುತ್ತಾ ಹೋಗಿ ಎರಡರ ಬದಲು ಹತ್ತು, ಇಪ್ಪತ್ತು ಪ್ರತಿಗಳಾದರೆ ತೂಬುಗಳು 20 ಲಕ್ಷದವರೆಗೂ ಏರಬಲ್ಲವು. ಅಷ್ಟು ಕಿಕ್ಕಿರಿದಾಗ ಹರ್-2ಗಳು ತಮ್ಮತಮ್ಮಲ್ಲೇ ಜೋಡಿಯಾಗುತ್ತವೆ. ಯಾರ ಅಪ್ಪಣೆಯೂ ಬೇಕಿಲ್ಲ, ಕಾಲುವೆ ಹಗಲಿರುಳು ಹರಿಯುತ್ತದೆ. ರಾಸ್-ಎಂಎಪಿಕೆ ಎಂಬ ಕಾಲುವೆ ಕೋಶಕ್ಕೆ ‘ಇಬ್ಭಾಗವಾಗು’ ಎನ್ನುತ್ತದೆ. ಪಿಐ3ಕೆ-ಎಕೆಟಿ ಎಂಬ ಇನ್ನೊಂದು ‘ಸಾಯಬೇಡ’ ಎನ್ನುತ್ತದೆ. ಇದೇ ಸಂಕೇತ ಹಾರ್ಮೋನ್ ರಿಸೆಪ್ಟರನ್ನೂ ಒಳಗಿನಿಂದ ಎಬ್ಬಿಸಬಲ್ಲದು. ಇಆರ್ (ಈಸ್ಟ್ರೋಜನ್ ಹಾರ್ಮೋನಿನ ರಿಸೆಪ್ಟರ್) ಪಾಸಿಟಿವ್ ಇದ್ದೂ, ಅದನ್ನು ತಡೆಯುವ ಟ್ಯಾಮೊಕ್ಸಿಫೆನ್ ಮಾತ್ರೆ ಕೆಲವರಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ 15ರಿಂದ 20 ಈ ಬಗೆಯವು. ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ 189 ಗಡ್ಡೆಗಳನ್ನು ಪರೀಕ್ಷಿಸಿ, ಜೀನಿನ ಪ್ರತಿಗಳು ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸುತ್ತದೆ ಎಂದು ತೋರಿಸಿದರು. ಇಲಿಯ ನರದ ಗಡ್ಡೆಯಲ್ಲಿ ಇದರ ಜೊತೆಗಾರ ಜೀನಿನ ಸುಳಿವು ಹಿಡಿದವರು ಬಾಸ್ಟನ್ ಬಳಿಯ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಭಾರತದ ಲಕ್ಷ್ಮೀಚರಣ್ ಪಾಢಿ, 1982ರಲ್ಲಿ. ರಿಪೋರ್ಟಿನಲ್ಲಿ ‘ಹರ್-2/ನ್ಯೂ’ ಎಂದು ಬರೆಯುತ್ತೇವಲ್ಲ, ಆ ‘ನ್ಯೂ’ ಅಲ್ಲಿಂದಲೇ ಬಂತು. ಅವರ ಹೆಸರು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಿಗೂ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಇಲ್ಲೊಂದು ಮಾತು. ಈ ಜೀನ್ ಬದಲಾವಣೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಆಗಿರುತ್ತದೆ. ಇದು ತಾಯಿಯಿಂದ ಮಗಳಿಗೆ ಬರುವಂಥದ್ದಲ್ಲ. ವಂಶದಲ್ಲಿ ಹರಿದುಬರುವ ಬಿಆರ್‌ಸಿಎ ಜೀನಿನ ದೋಷ ಬೇರೆ, ಇದು ಬೇರೆ.

ಈಗ ಪ್ಲಸ್‌ಗಳಿಗೆ ಬರೋಣ. ಐಎಚ್‌ಸಿ ಪರೀಕ್ಷೆಯಲ್ಲಿ ನಾವು ನೋಡುವುದು ಪ್ರೋಟೀನನ್ನು, ಅಂದರೆ ತೂಬುಗಳ ದಟ್ಟಣೆಯನ್ನು. ಕಂದು ಬಣ್ಣ ಕೋಶದ ಪೊರೆಯ ಸುತ್ತ ಎಷ್ಟು ಗಾಢವಾಗಿ, ಎಷ್ಟು ಪೂರ್ತಿಯಾಗಿ, ಎಷ್ಟು ಕೋಶಗಳಲ್ಲಿ ಹಿಡಿದಿದೆ ಎಂಬುದೇ ಲೆಕ್ಕ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೋಶಗಳಲ್ಲಿ ಪೊರೆ ಪೂರ್ತಿಯಾಗಿ ಕಡುಕಂದು ಬಳೆಯಂತೆ ಕಂಡರೆ ಮೂರು ಪ್ಲಸ್, ಅದು ಪಾಸಿಟಿವ್. ಅಷ್ಟೇ ಕೋಶಗಳಲ್ಲಿ ಬಳೆ ಪೂರ್ತಿ ಇದ್ದೂ ಬಣ್ಣ ತೆಳು ಅಥವಾ ಮಧ್ಯಮವಾಗಿದ್ದರೆ ಎರಡು ಪ್ಲಸ್. ಬಳೆ ಅರೆಬರೆಯಾಗಿ, ಕಂಡೂ ಕಾಣದಂತಿದ್ದರೆ ಒಂದು ಪ್ಲಸ್. ಸೊನ್ನೆ ಮತ್ತು ಒಂದು ಪ್ಲಸ್ ಎರಡೂ ನೆಗೆಟಿವ್. ನೋಡಿ, ‘ಒಂದು ಪ್ಲಸ್’ ಎಂದು ಬರೆದದ್ದೂ ನೆಗೆಟಿವ್! ಪ್ಲಸ್ ಚಿಹ್ನೆಯನ್ನೇ ಪಾಸಿಟಿವ್ ಎಂದು ಓದುವ ಅಭ್ಯಾಸ ಬಿಡಬೇಕೆಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಎರಡು ಪ್ಲಸ್ ಯಾಕೆ ಅನಿಶ್ಚಿತ? ಪ್ರೋಟೀನು ಮಧ್ಯಮ ಪ್ರಮಾಣದಲ್ಲಿ ಕಾಣಲು ಕಾರಣಗಳು ಹಲವು. ಜೀನ್ ನಿಜವಾಗಿ ಹೆಚ್ಚಾಗಿರಬಹುದು. ಜೀನ್ ಸರಿಯಾಗಿಯೇ ಇದ್ದು ಇಡೀ 17ನೇ ಕ್ರೋಮೋಸೋಮು ಒಂದೆರಡು ಹೆಚ್ಚಿರಬಹುದು. ಗಡ್ಡೆಯನ್ನು ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಕಾಯುವ ದ್ರವ) ಸರಿಯಾಗಿ ಇಡದೆ ಬಣ್ಣ ಅಳಿದು, ಮೂರಾಗಬೇಕಿದ್ದದ್ದು ಎರಡಾಗಿರಬಹುದು. ಇವೆಲ್ಲ ಸೂಕ್ಷ್ಮದರ್ಶಕದಡಿ ಒಂದೇ ಥರ ಕಾಣುತ್ತವೆ. ಎರಡು ಪ್ಲಸ್ ಬಂದವರಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಫಿಶ್ ಪಾಸಿಟಿವ್ ಬರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಈ ಪ್ರಮಾಣ ಹೆಚ್ಚುಕಮ್ಮಿ ಇದೆ. ಆ ಒಬ್ಬರು ಯಾರು ಎನ್ನುವುದು ಅನುಭವಿ ಕಣ್ಣಿಗೂ ತಿಳಿಯುವುದಿಲ್ಲ. ತಿಳಿಯುತ್ತದೆ ಎನ್ನುವವರನ್ನು ನಂಬಬೇಡಿ.

ಫಿಶ್‌ನಲ್ಲಿ ಎಣಿಸುವುದು ಜೀನನ್ನೇ. ಐಎಚ್‌ಸಿಗೆಂದು ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಅದೇ ಮೇಣದ ಬ್ಲಾಕಿನಿಂದ ತೆಳುವಾದ ಪದರ ಕತ್ತರಿಸಿ, ಹರ್-2 ಜೀನಿಗೆ ಕೆಂಪು ಚುಕ್ಕೆ, 17ನೇ ಕ್ರೋಮೋಸೋಮಿನ ನಡುವಿಗೆ ಹಸಿರು ಚುಕ್ಕೆ ಅಂಟುವಂತೆ ಮಾಡಿ, ಕಡಿಮೆಯೆಂದರೆ 20 ಕೋಶಗಳಲ್ಲಿ ಎರಡನ್ನೂ ಎಣಿಸುತ್ತೇವೆ. ಮತ್ತೆ ಸೂಜಿ ಚುಚ್ಚಬೇಕಿಲ್ಲ, ಮತ್ತೆ ಆಪರೇಷನ್ ಬೇಡ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ‘ಇನ್ನೊಂದು ಟೆಸ್ಟ್’ ಎಂದ ಕೂಡಲೇ ಮನೆಯವರು ಇನ್ನೊಂದು ಬಯಾಪ್ಸಿ ಎಂದು ಹೆದರಿ ಹಿಂದೆ ಸರಿಯುತ್ತಾರೆ.

ಲೆಕ್ಕ ಹೀಗೆ. 20 ಕೋಶಗಳಲ್ಲಿ ಕೆಂಪು 240, ಹಸಿರು 50 ಎಂದುಕೊಳ್ಳಿ. ಅನುಪಾತ 4.8, ಕೋಶಕ್ಕೆ ಸರಾಸರಿ 12 ಜೀನ್ ಪ್ರತಿ: ಪಾಸಿಟಿವ್, ಅನುಮಾನವಿಲ್ಲ. ಕೆಂಪು 70, ಹಸಿರು 50 ಆದರೆ ಅನುಪಾತ 1.4, ಸರಾಸರಿ 3.5: ನೆಗೆಟಿವ್. ಕಷ್ಟ ಇರುವುದು ನಡುವಿನವರಲ್ಲಿ. ಕೆಂಪು 64, ಹಸಿರು 26 ಬಂದರೆ ಅನುಪಾತ 2.46. ಅಂತರ್ಜಾಲದಲ್ಲಿ ‘2ಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್’ ಎಂದು ಓದಿಕೊಂಡು ಬಂದ ಮಗ ಇದನ್ನು ಪಾಸಿಟಿವ್ ಎಂದು ವಾದಿಸುತ್ತಾನೆ. ಆದರೆ ಸರಾಸರಿ ಪ್ರತಿ ಬರೀ 3.2. ಇಲ್ಲಿ ಜೀನ್ ಹೆಚ್ಚಾಗಿಲ್ಲ, ಹಸಿರು ಕಡಿಮೆಯಾಗಿದೆ. ಐಎಚ್‌ಸಿ ಎರಡು ಪ್ಲಸ್ ಇದ್ದು ಫಿಶ್ ಹೀಗೆ ಬಂದರೆ, ಮೊದಲ ಎಣಿಕೆ ತಿಳಿಯದ ಇನ್ನೊಬ್ಬರು ಮತ್ತೆ ಎಣಿಸಬೇಕು. ಅದೇ ಬಂದರೆ 2018ರ ಅಮೆರಿಕನ್ ಮಾರ್ಗಸೂಚಿಯಂತೆ ಅದು ಟಿಪ್ಪಣಿಯೊಡನೆ ನೆಗೆಟಿವ್. ಇದಕ್ಕೆ ತಿರುಗಾಮುರುಗಾ ಇನ್ನೊಂದಿದೆ: ಕೆಂಪು 130, ಹಸಿರು 100. ಅನುಪಾತ ಬರೀ 1.3, ಆದರೆ ಸರಾಸರಿ 6.5. ಮರುಎಣಿಕೆಯಲ್ಲೂ ಸರಾಸರಿ 6ರ ಮೇಲೆಯೇ ನಿಂತರೆ ಅದು ಪಾಸಿಟಿವ್. ಹಾಗಾಗಿ ರಿಪೋರ್ಟಿನಲ್ಲಿ ಅನುಪಾತ ಒಂದನ್ನೇ ಬರೆದು ಸರಾಸರಿ ಬರೆಯದಿದ್ದರೆ, ಎಷ್ಟು ಕೋಶ ಎಣಿಸಿದರು ಎಂಬುದೂ ಇಲ್ಲದಿದ್ದರೆ, ದಯವಿಟ್ಟು ಕೇಳಿ ಬರೆಸಿಕೊಳ್ಳಿ. ಸಂಕೋಚ ಬೇಡ.

ಇಷ್ಟು ಜಗ್ಗಾಡುವುದು ಯಾಕೆ, ಎರಡು ಪ್ಲಸ್ ಇದ್ದವರಿಗೆಲ್ಲ ಹರ್-2 ತೂಬನ್ನು ಮುಚ್ಚುವ ಔಷಧಿ ಟ್ರಾಸ್ಟುಜುಮಾಬ್ ಕೊಟ್ಟುಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ, ದುಡ್ಡಿರುವವರು ವಿಶೇಷವಾಗಿ. ಕೊಟ್ಟು ನೋಡಿಯಾಗಿದೆ. ಬಿ-47 ಎಂಬ ಅಧ್ಯಯನದಲ್ಲಿ ಒಂದು ಪ್ಲಸ್ ಇದ್ದ, ಅಥವಾ ಎರಡು ಪ್ಲಸ್ ಇದ್ದು ಫಿಶ್ ನೆಗೆಟಿವ್ ಬಂದ 3,270 ಮಹಿಳೆಯರಲ್ಲಿ ಅರ್ಧ ಜನರಿಗೆ ಕೀಮೋ ಮಾತ್ರ, ಉಳಿದರ್ಧಕ್ಕೆ ಕೀಮೋ ಜೊತೆ ಒಂದು ವರ್ಷ ಟ್ರಾಸ್ಟುಜುಮಾಬ್ ಕೊಟ್ಟರು. ಐದು ವರ್ಷದ ಬಳಿಕ ರೋಗ ಮರುಕಳಿಸದೆ ಉಳಿದವರು ಔಷಧಿ ಪಡೆದವರಲ್ಲಿ ನೂರಕ್ಕೆ 89.8, ಪಡೆಯದವರಲ್ಲಿ 89.2. ಅಂದರೆ ಏನೂ ವ್ಯತ್ಯಾಸವಿಲ್ಲ. ಅದೇ ನಿಜವಾದ ಪಾಸಿಟಿವ್‌ ಇದ್ದವರನ್ನು ನೋಡಿ: ಅಮೆರಿಕದ ಎರಡು ದೊಡ್ಡ ಅಧ್ಯಯನಗಳನ್ನು ಕೂಡಿಸಿದಾಗ, ಹತ್ತು ವರ್ಷದ ಬಳಿಕ ಬದುಕಿದ್ದವರು ಕೀಮೋ ಮಾತ್ರ ಪಡೆದವರಲ್ಲಿ ನೂರಕ್ಕೆ 75, ಟ್ರಾಸ್ಟುಜುಮಾಬ್ ಸೇರಿಸಿದವರಲ್ಲಿ 84. ಒಂದೇ ಔಷಧಿ. ತೂಬು ಕಿಕ್ಕಿರಿದಲ್ಲಿ ಅದು ಜೀವ ಉಳಿಸುತ್ತದೆ, ಇಲ್ಲದಲ್ಲಿ ಹೃದಯಕ್ಕೆ ಭಾರವಾಗುತ್ತದೆ.

ಹೃದಯದ ಮಾತು ಸುಮ್ಮನೆ ಸೇರಿಸಿದ್ದಲ್ಲ. ಹೃದಯದ ಸ್ನಾಯುಕೋಶಗಳೂ ಕಷ್ಟಕಾಲದಲ್ಲಿ ಇದೇ ಹರ್-2 ಸಂಕೇತವನ್ನು ನಂಬಿರುತ್ತವೆ. ಅದಕ್ಕೇ ಆಂಥ್ರಾಸೈಕ್ಲಿನ್ ಎಂಬ ಬಗೆಯ ಕೀಮೋ ಜೊತೆಗೇ ಟ್ರಾಸ್ಟುಜುಮಾಬ್ ಕೊಟ್ಟ ಮೊದಲ ದೊಡ್ಡ ಅಧ್ಯಯನದಲ್ಲಿ, 2001ರಲ್ಲಿ ಪ್ರಕಟವಾದದ್ದು, ನೂರಕ್ಕೆ 27 ಜನರ ಹೃದಯ ಸೊರಗಿತು. ಈಗ ಒಂದಾದ ಮೇಲೆ ಒಂದು ಕೊಡುತ್ತಾರೆ, ಶುರುವಿಗೆ ಮುಂಚೆ ಒಂದು ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಮೂರು ತಿಂಗಳಿಗೊಮ್ಮೆ. ಎಕೋದಲ್ಲಿ ಇಎಫ್, ಅಂದರೆ ಒಂದು ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ, ಮೊದಲಿಗಿಂತ 16 ಅಂಕ ಇಳಿದರೆ, ಅಥವಾ ಸಾಮಾನ್ಯ ಮಿತಿಗಿಂತ ಕೆಳಗೆ ಹೋಗಿ 10 ಅಂಕ ಇಳಿದರೆ, ಔಷಧಿಯನ್ನು ಕನಿಷ್ಠ ನಾಲ್ಕು ವಾರ ನಿಲ್ಲಿಸಿ ಮತ್ತೆ ಎಕೋ ಮಾಡುತ್ತಾರೆ. ‘ಆಯಾಸವೇನೂ ಇಲ್ಲ’ ಎಂದು ಎಕೋ ತಪ್ಪಿಸುವುದು ಸರಿಯಲ್ಲ. ಇಎಫ್ ಇಳಿಯುವುದು ಆಯಾಸಕ್ಕಿಂತ ಮೊದಲು.

ಬೆಂಗಳೂರಿನ ಬಯೋಕಾನ್ ತಯಾರಿಸಿದ ಟ್ರಾಸ್ಟುಜುಮಾಬ್ 2014ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ, ಆಮೇಲೆ ಬೇರೆ ಕಂಪನಿಗಳದ್ದೂ ಸೇರಿ, ಬೆಲೆ ಇಳಿದಿದೆ. ‘ನಮ್ಮದೇ ಊರಿನದ್ದು, ಅಸಲಿಯಷ್ಟು ಕೆಲಸ ಮಾಡುತ್ತಾ?’ ಎಂಬ ಅನುಮಾನಕ್ಕೆ ಉತ್ತರ: ಅದೇ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೂ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಹಾಕಿಸುವುದು ಸಣ್ಣ ಖರ್ಚಲ್ಲ. ಅದರ ಮುಂದೆ ಫಿಶ್‌ನ ಖರ್ಚು ಲೆಕ್ಕಕ್ಕೇ ಬಾರದು. ಔಷಧಿ ಮೊದಲ ಸಲ ದೇಹದ ತೂಕದ ಪ್ರತಿ ಕಿಲೋಗೆ 8 ಮಿಲಿಗ್ರಾಂ, ಆಮೇಲೆ ಪ್ರತಿ ಸಲ 6. ಒಂದು ಡೋಸು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಮತ್ತೆ 8ರಿಂದ ಶುರು. ಹಬ್ಬ, ಮದುವೆ, ಗೃಹಪ್ರವೇಶ ಎಂದು ದಿನ ಮುಂದೂಡುವ ಮುಂಚೆ ಇದು ತಲೆಯಲ್ಲಿರಲಿ. ಔಷಧಿಯನ್ನು ಸಲೈನಿನಲ್ಲಿ ಮಾತ್ರ ಬೆರೆಸಬೇಕು, ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಹಾಕಿದರೆ ಪ್ರೋಟೀನು ಗಂಟುಕಟ್ಟುತ್ತದೆ. ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಹಾಕಿಸಿಕೊಳ್ಳುವವರು ಇದನ್ನು ಸಿಸ್ಟರ್ ಹತ್ತಿರ ಒಮ್ಮೆ ಹೇಳಿದರೆ ತಪ್ಪೇನಿಲ್ಲ.

2022ರ ನಂತರ ಗೊಂದಲ ಇನ್ನಷ್ಟಾಗಿದೆ. ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಎಂಬ, ಆಂಟಿಬಾಡಿಗೆ ಕೀಮೋ ಕಟ್ಟಿ ಕಳಿಸುವ ಔಷಧಿ, ಒಂದು ಪ್ಲಸ್ ಹಾಗೂ ಫಿಶ್ ನೆಗೆಟಿವ್ ಆದ ಎರಡು ಪ್ಲಸ್ ಗಡ್ಡೆಗಳಲ್ಲೂ ಕೆಲಸ ಮಾಡುತ್ತದೆಂದು ಗೊತ್ತಾಯಿತು. ಇವಕ್ಕೆ ‘ಹರ್-2 ಲೋ’ ಎಂದು ಹೆಸರು. ಆದರೆ ಇದು ದೇಹದ ಬೇರೆ ಅಂಗಗಳಿಗೆ ಹರಡಿದ ರೋಗದಲ್ಲಿ, ಬೇರೆ ಚಿಕಿತ್ಸೆಗಳ ಬಳಿಕ. ಅಲ್ಲಿ ತೂಬನ್ನು ಮುಚ್ಚುವುದಕ್ಕಿಂತ, ತೂಬನ್ನು ವಿಳಾಸವಾಗಿ ಬಳಸಿಕೊಂಡು ಒಳಗೆ ವಿಷ ತಲುಪಿಸುವುದೇ ಮುಖ್ಯ. ಆದ್ದರಿಂದ ಆಗತಾನೆ ಪತ್ತೆಯಾದ, ಹರಡದ ಗಡ್ಡೆಯ ರಿಪೋರ್ಟಿನಲ್ಲಿ ‘ಹರ್-2 ಲೋ’ ಎಂದು ಕಂಡು ‘ಸ್ವಲ್ಪ ಪಾಸಿಟಿವ್’ ಎಂದು ತಿಳಿಯಬೇಡಿ.

ಈಗ ತಪ್ಪಿನ ಬೇರು. ಎಷ್ಟೋ ಎರಡು ಪ್ಲಸ್‌ಗಳು ಹುಟ್ಟುವುದು ಗಡ್ಡೆಯಲ್ಲಲ್ಲ, ಡಬ್ಬಿಯಲ್ಲಿ. ಸ್ತನ ತೆಗೆದ ಹೊತ್ತಿನಿಂದ ಒಂದು ಗಂಟೆಯೊಳಗೆ ಅದು ಫಾರ್ಮಲಿನ್ ಸೇರಬೇಕು. ಅಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಸಾಂದ್ರ ಫಾರ್ಮಲಿನ್ ಒಂದು ಪಾಲಿಗೆ ನೀರು ಒಂಬತ್ತು ಪಾಲು, ಅದೂ ಬಫರ್ ಉಪ್ಪು ಹಾಕಿದ್ದು. ಬರೀ ನಲ್ಲಿ ನೀರು ಬೆರೆಸಿ ತಿಂಗಳುಗಟ್ಟಲೆ ಇಟ್ಟ ಫಾರ್ಮಲಿನ್ ಹುಳಿಯಾಗಿ ಜೀನನ್ನೂ ಪ್ರೋಟೀನನ್ನೂ ಕೆಡಿಸುತ್ತದೆ. ದ್ರವ ಅಂಗಾಂಶದ ಹತ್ತರಷ್ಟಿರಬೇಕು. ಇಡೀ ಸ್ತನವನ್ನು ಹಾಗೇ ಮುಳುಗಿಸಿದರೆ ಸಾಲದು. ಫಾರ್ಮಲಿನ್ ಶುರುವಿನಲ್ಲೇ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಒಳಗಿಳಿಯುತ್ತದೆ, ಕೊಬ್ಬಿನಲ್ಲಿ ಇನ್ನೂ ನಿಧಾನ. ನಡುವಿನ ಗಡ್ಡೆಯನ್ನು ಅದು ತಲುಪುವ ಹೊತ್ತಿಗೆ ಒಳಗೆ ಕೊಳೆಯಲು ಶುರುವಾಗಿರುತ್ತದೆ. ಆದ್ದರಿಂದ ಗಡ್ಡೆಯನ್ನು 5 ಮಿಲಿಮೀಟರಿಗೊಂದರಂತೆ ಸೀಳಿ, ನಡುವೆ ಗಾಜ್ ಇಟ್ಟು ಮುಳುಗಿಸಬೇಕು. ಜಿಲ್ಲಾ ಕೇಂದ್ರದಲ್ಲಿ ಸಂಜೆ ತೆಗೆದ ಸ್ತನವನ್ನು ಸಲೈನಿನಲ್ಲೋ, ಬರಿಯ ಪ್ಲಾಸ್ಟಿಕ್ ಚೀಲದಲ್ಲೋ ಹಾಕಿ ರಾತ್ರಿ ಬಸ್ಸಿಗೆ ಪಾರ್ಸೆಲ್ ಕೊಟ್ಟರೆ, ಬೆಳಿಗ್ಗೆ ತಲುಪಿದ್ದರ ಮೇಲೆ ಯಾವ ಪರೀಕ್ಷೆಯೂ ನಂಬಿಕೆಯದ್ದಾಗುವುದಿಲ್ಲ. ಸರ್ಜನ್ ಮಿತ್ರರಲ್ಲಿ ಕೈಮುಗಿದು ಕೇಳುವುದು ಒಂದೇ: ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು, ಎರಡನ್ನೂ ಡಬ್ಬಿಯ ಮೇಲೆ ಬರೆಯಿರಿ.

ಈ ತಾಪತ್ರಯವೇ ಬೇಡವೆಂದರೆ ಆಪರೇಷನ್‌ಗೆ ಮುಂಚೆ ದಪ್ಪ ಸೂಜಿಯಿಂದ ತುಣುಕು ತೆಗೆಯುವ ಟ್ರೂಕಟ್ ಬಯಾಪ್ಸಿ ಮಾಡಿಸಿ, ಅದರ ಮೇಲೆಯೇ ಹರ್-2 ನೋಡುವುದು ಉತ್ತಮ. ಎಳೆಯಷ್ಟು ತೆಳುವಾದ ಆ ತುಣುಕುಗಳು ಕೂಡಲೇ ಫಾರ್ಮಲಿನ್ ಸೇರಿ ಪೂರ್ತಿ ಹದವಾಗುತ್ತವೆ. ಸಣ್ಣ ಸೂಜಿಯ ಎಫ್‌ಎನ್‌ಎಸಿ ಇದಕ್ಕೆ ಸಾಲದು. ಬಯಾಪ್ಸಿ ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತನ್ನು ನಂಬಿ ಟ್ರೂಕಟ್ ಬೇಡವೆನ್ನುವವರು ಈಗಲೂ ಇದ್ದಾರೆ. ಆ ಭಯಕ್ಕೆ ಆಧಾರವಿಲ್ಲ.

ರಿಪೋರ್ಟ್ ಓದುವಾಗ ಇನ್ನೆರಡು ಗಮನಿಸಿ. ಹರ್-2 ಅಂಕ ಕೊಡಬೇಕಾದ್ದು ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಗಡ್ಡೆಗೆ ಮಾತ್ರ. ನಾಳದೊಳಗೇ ಉಳಿದ ಡಿಸಿಐಎಸ್‌ನಲ್ಲಿ ಮೂರು ಪ್ಲಸ್ ಬರುವುದು ಸಾಮಾನ್ಯ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಗ್ರೇಡ್ ಒಂದರ, ಇಆರ್ ಬಲವಾಗಿ ಪಾಸಿಟಿವ್ ಇರುವ ಸೌಮ್ಯ ಗಡ್ಡೆಗೆ ಹರ್-2 ಮೂರು ಪ್ಲಸ್ ಎಂದು ಬಂದಿದ್ದರೆ, ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಲು ಕೇಳಿ. ಅಂಥದ್ದು ಇರಬಾರದೆಂದಲ್ಲ, ಅಪರೂಪ. ಇವನ್ನು ನಿಮ್ಮ ಆಂಕಾಲಜಿಸ್ಟ್ ಎದುರು ಪ್ರಶ್ನೆಯಾಗಿ ಇಡಿ. ನಿಮ್ಮ ಸ್ಲೈಡನ್ನು ನೋಡದೆ ಇಲ್ಲಿಂದ ತೀರ್ಪು ಕೊಡಲಾಗದು.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟಿನ ಫೋಟೋ ಸಾಲದು, ಬ್ಲಾಕ್ ಬೇಕು. ಬ್ಲಾಕ್ ರೋಗಿಯದು, ರಸೀದಿ ಬರೆದುಕೊಟ್ಟು ಕೇಳಿ ಪಡೆಯಿರಿ. ಕಾಗದದಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಮೇಣ ಮೆತ್ತಗಾಗುತ್ತದೆ. ಕತ್ತರಿಸಿಟ್ಟು ಆರು ವಾರ ಕಳೆದ ಸ್ಲೈಡುಗಳ ಮೇಲೆ ಐಎಚ್‌ಸಿ ಮಾಡಿಸಬೇಡಿ, ಬ್ಲಾಕಿನಿಂದ ಹೊಸದಾಗಿ ಕತ್ತರಿಸಲಿ.

ವರ್ಷಗಳ ನಂತರ ರೋಗ ಮರುಕಳಿಸಿದರೆ ಹಳೆಯ ಹರ್-2 ಫಲಿತಾಂಶವನ್ನೇ ನೆಚ್ಚಬೇಡಿ. ಚಿಕಿತ್ಸೆಯ ಒತ್ತಡದಲ್ಲಿ ಗಡ್ಡೆ ಬದಲಾಗುತ್ತದೆ: ಹರ್-2 ಇದ್ದದ್ದು ಇಲ್ಲವಾಗಬಹುದು, ಇಲ್ಲದ್ದು ಬರಬಹುದು, ಅಥವಾ ಪಿಐ3ಕೆ ಜೀನಿನಲ್ಲೇ ದೋಷವಾಗಿ, ತೂಬು ಮುಚ್ಚಿದರೂ ಕಾಲುವೆ ಕೆಳಗಿನಿಂದ ಹರಿಯತೊಡಗಬಹುದು. ಆದ್ದರಿಂದ ಹೊಸ ಗಡ್ಡೆಯಿಂದ ಸಾಧ್ಯವಿದ್ದರೆ ಹೊಸ ಬಯಾಪ್ಸಿ ಬೇಕು. ಆ ಬಯಾಪ್ಸಿ ಮೂಳೆಯದಾದರೆ, ಮೂಳೆಯನ್ನು ಮೆತ್ತಗೆ ಮಾಡಲು ಲ್ಯಾಬಿನವರು ಆಮ್ಲ ಬಳಸಿದರೆ ಫಿಶ್‌ನ ಚುಕ್ಕೆಗಳು ಕಾಣುವುದೇ ಇಲ್ಲ. ‘ಹರ್-2 ಪರೀಕ್ಷೆಗೆ ಬೇಕಿದೆ, ಇಡಿಟಿಎಯಲ್ಲಿ ಡಿಕ್ಯಾಲ್ಸಿಫೈ ಮಾಡಿ’ ಎಂದು, ಅಂದರೆ ಆಮ್ಲದ ಬದಲು ಇಡಿಟಿಎ ಎಂಬ ಸೌಮ್ಯ ರಾಸಾಯನಿಕದಿಂದ ಮೂಳೆಯ ಸುಣ್ಣ ತೆಗೆಯಿರಿ ಎಂದು, ಸ್ಯಾಂಪಲ್ ಜೊತೆಯ ಫಾರ್ಮಿನಲ್ಲಿ ಮೊದಲೇ ಬರೆಸಿ. ಎರಡು ಮೂರು ದಿನ ಹೆಚ್ಚು ಹಿಡಿಯಬಹುದು, ಕಾಯಿರಿ.